ಎರಡೂ ಕೈ ಎತ್ತಬೇಕು

ಎಂಜಿನ್ನು ಬಿಚ್ಚುವಾಗ ತುರ್ದುಬೆಕ್‌ನ ನೆರವಿಗೆ ಒಬ್ಬರೂ ಬಂದಿರಲಿಲ್ಲ. ಜೋಡಿಸುವ ದಿನ ಮಾತ್ರ ಕೊಚ್ಕೋರ್ ಊರಿನ ಆ ಇಡೀ ಬೀದಿಗೆ ಅವನ ಮೇಲೆ ಕರುಣೆ ಉಕ್ಕಿತು.

ಅಪ್ಪ ಬಿಟ್ಟುಹೋದ ಹಳೇ ಜಿಗುಲಿ ಕಾರು ಅದು. ನಾಳೆ ಅವ್ವನನ್ನು ಘಾಟಿಯಾಚೆಗಿನ ಅವಳ ತಂಗಿಯ ಮನೆಗೆ ಕರೆದೊಯ್ಯುತ್ತೇನೆಂದು ತುರ್ದುಬೆಕ್ ಮಾತು ಕೊಟ್ಟಿದ್ದ. ತಂಗಿಯ ಕಣ್ಣು ಮಂಜಾಗುತ್ತಿತ್ತು; ಪೂರ್ತಿ ಹೋಗುವ ಮುಂಚೆ ಒಮ್ಮೆ ಮುಖ ತೋರಿಸಿ ಬರಬೇಕೆಂಬುದು ಅವ್ವನ ಆಸೆ. ಬೆಳಿಗ್ಗೆಯೇ ಬಿಳಿ ತಲೆವಸ್ತ್ರ ಕಟ್ಟಿ, ಪ್ರಯಾಣದ ಬಟ್ಟೆಗಂಟು ಪಕ್ಕದಲ್ಲಿಟ್ಟುಕೊಂಡು ಅಂಗಳದ ಬೆಂಚಿನ ಮೇಲೆ ಕೂತುಬಿಟ್ಟಿದ್ದಳು.

"ನಾಳೆ ಅಲ್ವೇನವ್ವಾ ಹೋಗೋದು?"

"ನೀನು ಬೇಗ ಮುಗಿಸಿದ್ರೆ ಇವತ್ತೇ ಹೋಗಬಹುದಲ್ಲ."

ಉಳಿದದ್ದು ಟೈಮಿಂಗ್ ಚೈನು. ಮೇಲಿನ ಹಲ್ಲುಚಕ್ರ, ಕೆಳಗಿನ ಹಲ್ಲುಚಕ್ರ ಎರಡೂ ತಮ್ಮ ಗುರುತಿಗೆ ಸರಿಯಾಗಿ ನಿಂತ ಮೇಲೆ ಚೈನು ಕೂರಿಸಬೇಕು. ಒಂದು ಹಲ್ಲು ತಪ್ಪಿದರೂ ಎಂಜಿನ್ನಿನ ಕತೆ ಮುಗಿಯಿತು. ಅವನು ಇನ್ನೇನು ಗುರುತು ಕೂಡಿಸಿದ್ದ, ಅಷ್ಟರಲ್ಲಿ ಹಿಂದೊಮ್ಮೆ ಲಾರಿ ಓಡಿಸುತ್ತಿದ್ದ ನೆರೆಮನೆಯ ಜಪಾರ್ ಬಂದ.

"ಒಂಚೂರು ಎಡಕ್ಕಿದೆ ಕಣೋ."

"ನೀವು ನಿಂತಿರೋದೇ ಎಡಕ್ಕೆ, ಜಪಾರಣ್ಣ."

ಜಪಾರ್ ಬಲಕ್ಕೆ ಬಂದು ನೋಡಿದ. "ಈಗ ಬಲಕ್ಕಿದೆ," ಎಂದು ಚಕ್ರವನ್ನು ತಾನೇ ತಿರುಗಿಸಿಬಿಟ್ಟ.

ಬಂದವರು ರೊಟ್ಟಿ ಮುರಿಯದೆ ಹೋಗುವಂತಿಲ್ಲ. ತುರ್ದುಬೆಕ್‌ನ ಹೆಂಡತಿ ಅಂಗಳದಲ್ಲೇ ಬಟ್ಟೆ ಹಾಸಿ ರೊಟ್ಟಿ, ಚಹಾ ಇಟ್ಟಳು. ರೊಟ್ಟಿ ಕಂಡು ಇನ್ನಷ್ಟು ಜನ ಬಂದರು; ಅವರೂ ಚಕ್ರ ತಿರುಗಿಸಿದರು. ಒಬ್ಬೊಬ್ಬರು ಹರಸಿ ಏಳುವಾಗಲೂ ಎಲ್ಲರೂ ಎರಡೂ ಅಂಗೈ ಎತ್ತಿ, ಹಾಗೇ ಆಗಲಿ ಎನ್ನುವಂತೆ "ಓಮಿನ್" ಎಂದು ಮುಖ ಸವರಿಕೊಳ್ಳಬೇಕು. ಸ್ಪ್ಯಾನರ್ ಕೆಳಗಿಟ್ಟು ಸವರಿಕೊಂಡೂ ಸವರಿಕೊಂಡೂ ಮಧ್ಯಾಹ್ನದ ಹೊತ್ತಿಗೆ ತುರ್ದುಬೆಕ್‌ನ ಮುಖ ಬಾಣಲೆಯ ತಳದಂತಾಗಿತ್ತು.

ಸಂಜೆಗೆ ಕೊನೆಗೂ ಗುರುತುಗಳು ಕೂಡಿಬಂದವು. ಎಡಗೈಯಲ್ಲಿ ಚೈನು ಜಾರದಂತೆ ಎತ್ತಿ ಹಿಡಿದು, ಬಲಗೈಯಲ್ಲಿ ಬೋಲ್ಟು ಹಿಡಿದು ಬಗ್ಗಿದ. ಆಗಲೇ ಅಪ್ಪನ ಗೆಳೆಯ ಸೂಯುನ್ ಅತಾ ಚಹಾ ಬಟ್ಟಲು ಕೆಳಗಿಟ್ಟರು. ಕಾರು ನೋಡುತ್ತಾ ಮುದುಕನ ಕಣ್ಣು ತುಂಬಿತು.

"ನಿಮ್ಮಪ್ಪ ಜೀವ ಇಟ್ಟಿದ್ದ ಕಾರು ಕಣಪ್ಪ ಇದು. ನೀನು ರಿಪೇರಿ ಮಾಡಿ ಮಾರಿಬಿಡ್ತೀಯ ಅಂತ ಬೀದೀಲಿ ಮಾತು. ಹಾಗಾಗದಿರಲಿ! ಈ ಕಾರು ಈ ಅಂಗಳ ಬಿಟ್ಟು ಎಲ್ಲಿಗೂ ಹೋಗದಿರಲಿ! ಓಮಿನ್!"

ಎಲ್ಲರ ಅಂಗೈಗಳೂ ಮೇಲೆದ್ದವು. ಹುಟ್ಟಿದಂದಿನಿಂದ ಬಂದ ಅಭ್ಯಾಸ; ತುರ್ದುಬೆಕ್‌ನ ಎರಡೂ ಕೈ ತಾವಾಗಿಯೇ ಎದ್ದವು.

ಚೈನು ಜರ್ರನೆ ಜಾರಿತು. ಅದರ ಹಿಂದೆಯೇ ಬೋಲ್ಟು ಠಣ್ ಠಣ್ ಎನ್ನುತ್ತಾ ಎಂಜಿನ್ನಿನ ಹೊಟ್ಟೆ ಸೇರಿತು. ಅದನ್ನು ತೆಗೆಯಲು ಇನ್ನು ಎಲ್ಲವನ್ನೂ ಮತ್ತೆ ಬಿಚ್ಚಬೇಕು.

ಬೈಯೋಣವೆಂದರೆ ಯಾರನ್ನು ಬೈಯುವುದು? ಅಲ್ಲಿದ್ದವರೆಲ್ಲ ಅವನ ಒಳ್ಳೆಯದನ್ನೇ ಬಯಸಿದ್ದರು.

ಅವ್ವ ಮುಖ ಸವರಿಕೊಂಡು, ಮೆಲ್ಲಗೆ ಗಂಟು ಬಿಚ್ಚತೊಡಗಿದಳು.

"ಹಿರಿಯರ ಹಾರೈಕೆ ಎಷ್ಟು ಬೇಗ ಫಲಿಸ್ತು ನೋಡು ಮಗಾ," ಎಂದಳು.