ಪೈಪಿನ ಸಾವಕಾರನ ಪೆಟ್ರೋಲ್ ಪೈಪು

ಪೈಪಿನ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಮೂಡಲಗಿಯಲ್ಲಿ ನನ್ನದೊಂದು ಅಂಗಡಿಯಿದೆ. ಬಾವಿಯಿಂದ ನೀರೆತ್ತುವ ಪೈಪು, ಕಬ್ಬಿಗೆ ಹನಿ ಹನಿಯಾಗಿ ನೀರುಣಿಸುವ ಪೈಪು, ಬೆಳೆಗೆ ಔಷಧಿ ಹೊಡೆಯುವ ಪೈಪು, ಎಲ್ಲ ನನ್ನಲ್ಲಿ ಸಿಗುತ್ತವೆ. ಸುತ್ತಲಿನ ಹೊಲಗಳು ಹಸಿರಾಗಿರುವುದರಲ್ಲಿ ಘಟಪ್ರಭಾ ಹೊಳೆಯ ಪಾಲು ಎಷ್ಟಿದೆಯೋ ನನ್ನ ಪಾಲೂ ಅಷ್ಟೇ ಇದೆ ಎಂದು ನಾನು ನಂಬಿದ್ದೇನೆ. ಕೊಳ್ಳಲು ಬಂದವರಿಗೆ ಪೈಪಿನ ಜೊತೆ ಉಪದೇಶವನ್ನೂ ಸುತ್ತಿ ಕೊಡುತ್ತೇನೆ. ಬಿಸಿಲಿಗೆ ಬಿಡಬೇಡಿ, ಮಡಚಬೇಡಿ, ಔಷಧಿ ಪೈಪಿಗೆ ಎಣ್ಣೆ ಗಿಣ್ಣೆ ಮುಟ್ಟಿಸಬೇಡಿ, ಮುಟ್ಟಿಸಿದರೆ ಮೆತ್ತಗಾಗಿ ಹಾಳಾಗುತ್ತದೆ, ಆಮೇಲೆ ನನ್ನ ಹತ್ತಿರ ಬಂದು ಅಳಬೇಡಿ. ಪುಕ್ಕಟೆ ಕೊಡುವ ಉಪದೇಶ, ಯಾರೂ ಕೇಳುವುದಿಲ್ಲ ಎಂದೇ ತಿಳಿದಿದ್ದೆ. ಕೇಳುವವರೂ ಇದ್ದಾರೆ ಎಂದು ಗೊತ್ತಾದದ್ದು ತಡವಾಗಿ, ನಡುರಸ್ತೆಯಲ್ಲಿ.

ಇಂಥವನ ಮನೆಯ ಕಾರಿನಲ್ಲೇ ಪೈಪು ಸೋರತೊಡಗಿತು. ನಮ್ಮ ತಂದೆ ಕೊಂಡಿದ್ದ ಬಿಳಿ ಕಾರು ಅದು. ಬಿಳಿ ಎನ್ನುವುದು ಈಗ ಬರೀ ಕಾಗದದಲ್ಲಿದೆ. ಹಿಂದಿನ ಟ್ಯಾಂಕಿನಿಂದ ಮುಂದಿನ ಎಂಜಿನ್ನಿಗೆ ಪೆಟ್ರೋಲ್ ಒಯ್ಯುವ ಪೈಪು ಕಾರಿನ ಹೊಟ್ಟೆಯ ಕೆಳಗೆ, ಸೈಲೆನ್ಸರಿನ ಮಗ್ಗುಲಲ್ಲೇ ಹಾದುಹೋಗಿತ್ತು. ಅದು ತುಕ್ಕು ಹಿಡಿದು, ಕಾರು ನಿಂತಲ್ಲೆಲ್ಲ ನೆಲದ ಮೇಲೆ ಒಂದೊಂದು ಒದ್ದೆ ಚುಕ್ಕೆ ಬೀಳುತ್ತಿತ್ತು.

"ಏನ್ರಿ, ಗಾಡ್ಯಾಗ ಕುಂತ್ರ ತಲಿ ತಿರಗತೈತಿ. ಏನ್ ವಾಸನಿ ಅದು," ಎಂದಳು ನನ್ನ ಹೆಂಡತಿ ಕಸ್ತೂರಿ.

"ಹಳೇ ಗಾಡಿ ಅಂದಮ್ಯಾಲ ಸ್ವಲ್ಪ ಸೋರತೈತಿ."

"ನಾನೂ ಹಳೇಕಿನ ಅದೇನಿ. ನಾ ಎಲ್ಲೆರೆ ಸೋರಾಕತ್ತೇನೇನು?"

ಕಾರನ್ನು ಗೋಕಾಕಿನ ಗ್ಯಾರೇಜಿಗೆ ಒಯ್ದೆ. ಅಲ್ಲಿಯ ಮೇಸ್ತ್ರಿ ಕೆಳಗೆ ತೂರಿ ನೋಡಿ, ಹೊರಗೆ ಬಂದು, "ಪೈಪು ಪೂರಾ ಬದಲ ಮಾಡಬೇಕ್ರಿ. ಸೈಲೆನ್ಸರ್ ಬಾಜೂದಿಂದ ತಗದು ಬ್ಯಾರೆ ದಾರೀಲೆ ಒಯ್ಯಬೇಕು. ಪೆಟ್ರೋಲಿಗಂತನ ಇರೋ ಪೈಪು ತರಸಬೇಕು. ಮುಂದಿನ ವಾರ ಬರ್ರಿ. ಅಲ್ಲೀತನಾ ಗಾಡಿ ಹೊರಗ ತಗೀಬ್ಯಾಡ್ರಿ," ಎಂದ. ಇಷ್ಟು ಮಾತಿನಲ್ಲಿ ನನ್ನ ಕಿವಿಗೆ ಬಿದ್ದದ್ದು ಒಂದೇ. ಪೈಪು ತರಿಸಬೇಕಂತೆ. ಯಾರಿಗೆ? ನನಗೆ!

ಮುಂದಿನ ವಾರದವರೆಗೆ ಕಾಯುವ ಹಾಗೂ ಇರಲಿಲ್ಲ. ಆ ರವಿವಾರವೇ ಬೆಲ್ಲದ ಬಾಗೇವಾಡಿಯಲ್ಲಿ ನಮ್ಮ ಮಗಳು ಗಂಗಾಳ ಕುಬಸ. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುವ ದಿನ. ತವರಿನಿಂದ ಬುತ್ತಿ ಹೋಗಬೇಕು. ಅದೂ ಹೊತ್ತು ಏರುವ ಮೊದಲು, ಹನ್ನೆರಡರೊಳಗೆ ಉಡಿ ತುಂಬಿ ಮುಗಿಯಬೇಕೆಂದು ಬೀಗರ ಮನೆಯ ಹಿರಿಯರು ಹೇಳಿದ್ದರು. ಗಂಗಾ ಫೋನ್ ಮಾಡಿ, "ಅಪ್ಪಾ, ಮೊದಲ ಉಡಿ ಅವ್ವನ ಕೈಲೇ ತುಂಬಿಸ್ಕೋತೇನಿ. ಆಕಿ ಬರೂತನಾ ನಾ ಮಣಿ ಮ್ಯಾಲೆ ಕುಂಡ್ರಂಗಿಲ್ಲ. ಹೊತ್ತು ಮಾಡಬ್ಯಾಡ," ಎಂದಿದ್ದಳು. ಮದುವೆಯಾಗಿ ಹೋದ ಮೇಲೆ ಅವಳು ನಮ್ಮನ್ನು ಕೇಳಿದ್ದು ಅದೊಂದೇ.

"ಬಾಡಿಗಿ ಗಾಡಿಗೆ ಹೇಳ್ರಿ," ಎಂದಳು ಕಸ್ತೂರಿ.

"ಮಗಳ ಕುಬಸಕ್ಕ ಬಾಡಿಗಿ ಗಾಡ್ಯಾಗ ಹೋಗೂದು? ಬೀಗರ ಮುಂದ ನಮ್ಮ ಮರ್ಯಾದಿ ಏನಾಗಬೇಕು? ಒಂದು ಪೈಪು, ಒಂದು ತಾಸಿನ ಕೆಲಸ."

ಶನಿವಾರ ಬೆಳಿಗ್ಗೆ ಅಂಗಳದಲ್ಲಿ ಕಾರ್ಯಾಚರಣೆ ಆರಂಭವಾಯಿತು. ಸುರಕ್ಷತೆಯ ಬಗ್ಗೆ ನಾನು ಕಟ್ಟುನಿಟ್ಟು. ಬ್ಯಾಟರಿ ಬಿಚ್ಚಿ ಕಟ್ಟೆಯ ಮೇಲಿಟ್ಟೆ. ಟ್ಯಾಂಕಿನಲ್ಲಿದ್ದ ಪೆಟ್ರೋಲನ್ನು ಡಬ್ಬಿಗೆ ಇಳಿಸಿ ಮುಚ್ಚಳ ಬಿಗಿದೆ. ತುಳಸಿಯ ಮುಂದಿನ ದೀಪ ಆರಿಸಿದೆ. ನೆರೆಮನೆಯ ಅಡಿವೆಪ್ಪ ಕಾಕಾ ಕೆಲಸ ನೋಡಲು ಬೀಡಿ ಹಚ್ಚಿಕೊಂಡೇ ಬಂದಿದ್ದರು. ಅವರನ್ನು ಓಣಿಯ ಆ ತುದಿಗೆ ಸಾಗಹಾಕಿದೆ.

"ಇಲ್ಲಿಂದ ನನಗ ಏನೂ ಕಾಣಂಗಿಲ್ಲೋ," ಎಂದು ಅಲ್ಲಿಂದಲೇ ಕೂಗಿದರು.

"ಬೀಡಿ ಒಗದು ಬರ್ರಿ ಕಾಕಾ."

"ಹಂಗಾರ ಇಲ್ಲೇ ಛಲೋ ಐತಿ ಬಿಡು."

ಅಂಗಡಿಯಿಂದ ಔಷಧಿ ಹೊಡೆಯುವ ಪಾರದರ್ಶಕ ಪೈಪಿನ ಒಂದು ಸುರುಳಿ ತಂದಿದ್ದೆ. ಒಳಗೆ ಪೆಟ್ರೋಲ್ ಹರಿಯುವುದು ಕಣ್ಣಿಗೆ ಕಾಣಬೇಕು, ವ್ಯವಹಾರ ಪಾರದರ್ಶಕವಾಗಿರಬೇಕು ಎಂಬುದು ನನ್ನ ವಿಚಾರ. ಹೊಲದಲ್ಲಿ ಲೈನು ಎಳೆಯುವವರಿಗೆ ಹೇಳುವ ಹಾಗೆಯೇ ನನಗೆ ನಾನೇ ಹೇಳಿಕೊಳ್ಳುತ್ತ, ಸೈಲೆನ್ಸರಿನಿಂದ ದೂರ, ಕಾರಿನ ಆಚೆ ಬದಿಯಿಂದ ಪೈಪನ್ನು ಒಯ್ದೆ. ಅಲ್ಲಲ್ಲಿ ಕ್ಲಿಪ್ಪು ಬಿಗಿದೆ. ಟ್ಯಾಂಕಿನ ಬಾಯಲ್ಲಿ, ಬೇಕೆಂದಾಗ ಬಂದ್ ಮಾಡಲು, ಹನಿ ನೀರಾವರಿಗೆ ಹಾಕುವ ಒಂದು ಪುಟ್ಟ ವಾಲ್ವನ್ನೂ ಕೂಡಿಸಿದೆ. ಇಂಥ ವ್ಯವಸ್ಥೆ ಕಾರು ಮಾಡಿದವರಿಗೂ ಹೊಳೆದಿರಲಿಲ್ಲ. ಕೊನೆಗೆ ಮೂರು ಮಾರು ಪೈಪು ಉಳಿಯಿತು. ಒಳ್ಳೆಯ ಪೈಪನ್ನು ವ್ಯಾಪಾರಸ್ಥನಾದವನು ಸುಮ್ಮನೆ ಕತ್ತರಿಸುತ್ತಾನೆಯೇ? ಸುತ್ತಿ, ಎಂಜಿನ್ನಿನ ಬಾಜೂಕ್ಕೆ ಸಿಕ್ಕಿಸಿದೆ.

ಪೈಪಿನ ತುದಿ ಎಂಜಿನ್ನಿನ ಮೂತಿಗೆ ಏರಲಿಲ್ಲ. ಬಿಸಿನೀರಲ್ಲಿ ಅದ್ದಿದರೆ ಏರುತ್ತದೆ, ಅದು ನಮ್ಮ ದಂಧೆಯ ಗುಟ್ಟು. ಅಡುಗೆಮನೆಗೆ ಓಡಿದೆ. ಒಲೆಯ ಮೇಲೆ ಒಂದು ಪಾತ್ರೆಯಲ್ಲಿ ನೀರು ಕುದಿಯುತ್ತಿತ್ತು. ಪೈಪು ಅದ್ದಿದೆ.

"ಅಯ್ಯ ನಿಮ್ಮ, ಅದು ಕಡಬಿಗೆ ಇಟ್ಟ ನೀರು," ಎಂದು ಕಸ್ತೂರಿ ಲಟ್ಟಣಿಗೆ ಹಿಡಿದುಕೊಂಡೇ ತಿರುಗಿದಳು.

"ಹೊಸಾ ಪೈಪು. ಸ್ವಚ್ಛ ಐತಿ."

"ಹಂಗಾರ ಅದನ್ನ ಬುತ್ತ್ಯಾಗ ಇಡೂನೇನು, ಹೋಳಗಿ ಜೋಡಿ?"

ಪೈಪು ಏರಿತು. ಪೆಟ್ರೋಲ್ ಹಾಕಿ, ವಾಲ್ವ್ ತೆರೆದು, ಚಾವಿ ತಿರುವಿದೆ. ಸದ್ದೇ ಇಲ್ಲ. ಪೈಪಿನಲ್ಲಿ ಗಾಳಿ ಹೊಕ್ಕಿರಬೇಕೆಂದು ಮತ್ತೆ ಬಿಚ್ಚಿದೆ, ಮತ್ತೆ ಹಾಕಿದೆ. ಸದ್ದಿಲ್ಲ. ಮತ್ತೆ ಬಿಚ್ಚಿದೆ. ಬೆವರು ಕಣ್ಣಿಗಿಳಿದು ನಾನು ಕಾರಿನ ಕೆಳಗೆ ಅಂಗಾತ ಮಲಗಿದ್ದಾಗ, ಬೀಡಿ ಮುಗಿಸಿ ಅಂಗಳಕ್ಕೆ ಬಂದಿದ್ದ ಕಾಕಾ ಅವರ ದನಿ ಕೇಳಿತು.

"ತಮ್ಮಾ, ಆ ಕಟ್ಟಿ ಮ್ಯಾಲಿಂದು ಬ್ಯಾಟರಿ ಅಲ್ಲೇನು? ಅದು ಗಾಡ್ಯಾಗ ಇದ್ರ ಛಲೋ ಅಂತ ನನಗನಸ್ತೈತಿ."

ಬ್ಯಾಟರಿ ಕೂಡಿಸಿದ ಕೂಡಲೇ ಎಂಜಿನ್ ಹಾಡತೊಡಗಿತು. ಒಂದು ಹನಿ ಸೋರಲಿಲ್ಲ. ಕಾಗದ ಹಾಸಿ ಪರೀಕ್ಷೆ ಮಾಡಿ, ಒಣ ಕಾಗದವನ್ನು ಕಸ್ತೂರಿಗೂ ಕಾಕಾಗೂ ತೋರಿಸಿದೆ. ಬೀಗರಿಗೆ ಫೋನ್ ಮಾಡಿ, ನಮ್ಮದೇ ಗಾಡಿಯಲ್ಲಿ ಬರುತ್ತೇವೆ, ಹತ್ತೂವರೆಗೆಲ್ಲ ನಿಮ್ಮ ಅಂಗಳದಲ್ಲಿರುತ್ತೇವೆ ಎಂದು ಸಾರಿದೆ.

ರವಿವಾರ ಹಿಂದಿನ ಸೀಟಿನ ತುಂಬ ಬುತ್ತಿ. ಶೇಂಗಾ ಹೋಳಿಗೆ, ಕರ್ಚಿಕಾಯಿ, ಕಡಬು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪಲ್ಯ, ಮೊಸರನ್ನ, ಎಲ್ಲ ನಾಲ್ಕು ಬುಟ್ಟಿಗಳಲ್ಲಿ, ಮೇಲೆ ಬಿಳಿ ವಸ್ತ್ರ. ಕಸ್ತೂರಿ ಇಳಕಲ್ ಸೀರೆಯುಟ್ಟು ಮುಂದೆ ಕುಳಿತಿದ್ದಳು. ಅರಭಾವಿ ದಾಟಿತು. ಘಟಪ್ರಭಾ ಊರೂ ದಾಟಿತು. ಕಿಟಕಿಯಿಂದ ಗಾಳಿ, ಎರಡೂ ಕಡೆ ಕಬ್ಬು. ನನಗೆ ಬಹಳ ಸಂತೋಷವಾಗಿತ್ತು.

"ಹೆಂಗೈತಿ?" ಎಂದೆ.

"ಈಗೇನೋ ಛಲೋ ಐತಿ," ಎಂದಳು. ಮೂವತ್ತು ವರ್ಷದ ಸಂಸಾರದಲ್ಲಿ ಇಷ್ಟು ದೊಡ್ಡ ಹೊಗಳಿಕೆ ನನಗೆ ಸಿಕ್ಕಿರಲಿಲ್ಲ.

ಅದನ್ನು ಅನುಭವಿಸಿ ಮುಗಿಯುವ ಮೊದಲೇ ಎಂಜಿನ್ ಒಂದು ಸಲ ಬಿಕ್ಕಿತು. ಆಮೇಲೆ ಎರಡು ಸಲ. ಆಮೇಲೆ ಬಿಕ್ಕುವುದನ್ನೂ ನಿಲ್ಲಿಸಿತು. ಕಾರು ರಸ್ತೆಯ ಬದಿಗೆ ತಾನಾಗಿಯೇ ಹೋಗಿ ನಿಂತಿತು. ಬಾನೆಟ್ ಎತ್ತಿದೆ. ನನ್ನ ಪೈಪು ಬೆಂದ ಶಾವಿಗೆಯ ಹಾಗೆ ಮೆತ್ತಗಾಗಿ, ಚಪ್ಪಟೆಯಾಗಿ, ಎಂಜಿನ್ನಿನ ಮೂತಿಯಿಂದ ಜಾರಿ ಜೋತುಬಿದ್ದಿತ್ತು. ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. ಓಡಿಹೋಗಿ ಹಿಂದಿನ ವಾಲ್ವ್ ಬಂದ್ ಮಾಡಿದೆ. ಇಡೀ ಕಾರ್ಯಾಚರಣೆಯಲ್ಲಿ ಸರಿಯಾಗಿ ಕೆಲಸ ಮಾಡಿದ್ದು ಅದೊಂದೇ.

ಬುಟ್ಟಿಗಳನ್ನು ಇಳಿಸಿ ದೂರದ ಬೇವಿನ ಮರದ ಕೆಳಗೆ ಸಾಲಾಗಿ ಇಟ್ಟೆವು. ಹನ್ನೊಂದು ದಾಟಿತ್ತು. ಕೈ ಮಾಡಿದ ಬಸ್ಸು ತುಂಬಿತ್ತು, ನಿಲ್ಲಲಿಲ್ಲ. ಗಂಗಾಳ ಫೋನ್ ಬಂತು. "ಇಲ್ಲೇ ದಾರ್ಯಾಗ ಅದೇವಿ ಮಗಳ, ಬಂದ್ವಿ," ಎಂದಳು ಕಸ್ತೂರಿ. ಫೋನ್ ಇಟ್ಟು ನನ್ನನ್ನು ನೋಡಿ, ಬುಟ್ಟಿಯ ಮೇಲಿನ ವಸ್ತ್ರ ಸರಿಮಾಡಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳ ಕಣ್ಣಲ್ಲಿ ನೀರಿತ್ತು, ಮತ್ತು ಅದಕ್ಕೆ ಕಾರಣ ನನ್ನ ಅಂಗಡಿಯ ಮಾಲು. ನನಗೆ ನಿಜವಾಗಿ ನಾಚಿಕೆಯಾಯಿತು.

ಅಷ್ಟರಲ್ಲಿ ಕಾರ್ಖಾನೆಗೆ ಕಬ್ಬು ಇಳಿಸಿ ಖಾಲಿ ಬರುತ್ತಿದ್ದ ಟ್ರಾಕ್ಟರೊಂದು ನಿಂತಿತು. ನಡೆಸುತ್ತಿದ್ದವನು ಸಿದ್ದಪ್ಪ, ನನ್ನ ಗಿರಾಕಿ, ಆ ಕಡೆಯ ರೈತ. ಇಳಿದು ಬಂದು ಬಾನೆಟ್ಟಿನೊಳಗೆ ಇಣುಕಿದ.

"ಸಾವಕಾರ್ರ, ಇದು ಔಷಧ ಹೊಡಿಯೂ ಪೈಪಲ್ರಿ?"

"ಹೌದಪಾ."

"ಇದಕ್ಕ ಎಣ್ಣಿ ಗಿಣ್ಣಿ ಮುಟ್ಟಿಸಬಾರದ್ರಿ. ಮೆತ್ತಗ ಆಗತೈತಿ."

"ಯಾರು ಹೇಳಿದ್ರು ನಿನಗ?"

"ನೀವ ಹೇಳಿದ್ರಲ್ರಿ. ಹ್ವಾದ ವರ್ಷ ಒಂದು ತಾಸು ನಿಂದ್ರಿಸಿ ಹೇಳಿದ್ರಿ. ನಾ ಅವತ್ತಿಂದ ಈ ಪೈಪಿನ ಸನೇಕ ಡೀಜೆಲ್ ಡಬ್ಬೀನೂ ಇಡಂಗಿಲ್ಲ."

ಕಸ್ತೂರಿ ಈಗ ಬಾಯಿ ಬಿಟ್ಟಳು. "ಸಿದ್ದಪ್ಪ, ಇವ್ರು ಹೇಳೂ ಮಾತು ಊರಿಗೆಲ್ಲ ಕೇಳತಾವು. ಇವ್ರಿಗಷ್ಟ ಕೇಳಂಗಿಲ್ಲ. ನಮ್ಮನ್ನ ಬಾಗೇವಾಡಿ ಮುಟ್ಟಸ್ತಿಯೇನಪಾ?"

ಕಾರನ್ನು ಒಂದು ಗುಡಿಸಲಿನವರ ಅಂಗಳಕ್ಕೆ ನೂಕಿ ಬಿಟ್ಟೆವು. ಬುತ್ತಿ, ಕಸ್ತೂರಿ ಮತ್ತು ನಾನು ಟ್ರೇಲರ್ ಏರಿದೆವು. ಎತ್ತರದ ಹಲಗೆಗಳ ನಡುವೆ, ಕಬ್ಬಿನ ಒಣ ಗರಿಯ ರವದಿಯ ಮೇಲೆ, ಜಾರುತ್ತಿದ್ದ ನಾಲ್ಕು ಬುಟ್ಟಿಗಳನ್ನು ಎರಡು ಕೈ ಎರಡು ಕಾಲುಗಳಲ್ಲಿ ತಡೆಹಿಡಿದು ನಾನು ಕುಳಿತೆ. ಕಸ್ತೂರಿ ಮುಂದಿನ ಹಲಗೆ ಹಿಡಿದು ನಿಂತಳು.

ಬೀಗರ ಓಣಿಯಲ್ಲಿ ಟ್ರಾಕ್ಟರಿನ ಸದ್ದು ಮೊದಲೇ ಹೋಗಿ ಸುದ್ದಿ ಮುಟ್ಟಿಸಿತ್ತು. ಹಲಗೆಯ ಮೇಲಿಂದ ಕಾಣುತ್ತಿದ್ದ ಕಸ್ತೂರಿಯ ಮುಖ ನೋಡಿ ಯಾರೋ ಕೂಗಿದರು, "ಬೀಗರು ಟ್ರಾಕ್ಟರ್ ತುಂಬ ಬುತ್ತಿ ತಂದಾರಪೋ." ಬಾಗಿಲು ಬಾಗಿಲಿಗೆ ಹೆಂಗಸರು ಬಂದರು. ನಮ್ಮ ಬೀಗರು ರುಮಾಲು ಸರಿಮಾಡಿಕೊಂಡು ಹೊರಬಂದು, ಬುತ್ತಿ ಇಳಿಸಲು ನಾಲ್ಕು ಗಟ್ಟಿ ಆಳುಗಳನ್ನು ಕರೆದರು. ಪಡಸಾಲೆಯಲ್ಲಿದ್ದವರನ್ನು ಎಬ್ಬಿಸಿ ಜಾಗ ಮಾಡಿಸಿದರು. ಸಿದ್ದಪ್ಪ ಗಂಭೀರವಾಗಿ ಹಿಂದಿನ ಹಲಗೆ ಕೆಳಗೆ ಬಿಟ್ಟ.

ಒಳಗೆ ನಾಲ್ಕು ಬುಟ್ಟಿ. ನಡುವೆ, ತಲೆ ತುಂಬ ರವದಿ ಮೆತ್ತಿಕೊಂಡು, ಕೈಕಾಲು ಚಾಚಿ ನಾನು.

ಆಳುಗಳು ಬುಟ್ಟಿ ಎಣಿಸಿ ಬೀಗರ ಮುಖ ನೋಡಿದರು. ಆಮೇಲೆ ಒಂದು ನಗು ಕೇಳಿಸಿತು. ಬಾಗಿಲಲ್ಲಿ ಹಸಿರು ಸೀರೆಯುಟ್ಟು ನಿಂತಿದ್ದ ಗಂಗಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವಳ ಅತ್ತೆ "ಸಾವಕಾಶ, ಸಾವಕಾಶ" ಎನ್ನುತ್ತ ತಾವೂ ನಗತೊಡಗಿದರು. ಹನ್ನೆರಡಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಗಂಗಾ ಮಣೆಯ ಮೇಲೆ ಕುಳಿತಳು, ಕಸ್ತೂರಿ ಮೊದಲ ಉಡಿ ತುಂಬಿದಳು. ಇಬ್ಬರೂ ನಗುತ್ತಲೇ ಕಣ್ಣೊರೆಸಿಕೊಂಡರು. ನನಗೂ ಕಣ್ಣು ತುಂಬಿ ಬಂದು, ಮಗಳ ಹತ್ತಿರ ಹೋದೆ.

"ಅಪ್ಪಾ, ಸಿಟ್ಟಾಗಬ್ಯಾಡ. ಪೆಟ್ರೋಲ್ ವಾಸನಿಗೆ ನನಗ ಹೊಟ್ಟಿ ತೊಳಸ್ತೈತಿ. ಸ್ವಲ್ಪ ದೂರ ಕುಂಡ್ರು," ಎಂದಳು.

ಹೀಗಾಗಿ ಮಗಳ ಕುಬಸದ ಹೋಳಿಗೆಯನ್ನು ನಾನು ದನದ ಕೊಟ್ಟಿಗೆಯ ಕಟ್ಟೆಯ ಮೇಲೆ ಕುಳಿತು ಉಂಡೆ. ಹೋಳಿಗೆ ಬಹಳ ಚೆನ್ನಾಗಿತ್ತು. ಮಗ್ಗುಲಿನ ಎಮ್ಮೆ ಮಾತ್ರ ಒಂದು ಸಲ ಮೂಸಿ ನೋಡಿ ಮುಖ ಆಚೆ ತಿರುಗಿಸಿತು.

ಮರುದಿನ ಸಿದ್ದಪ್ಪನೇ ಕಾರನ್ನು ಹುಕ್ಕೇರಿಗೆ ಎಳೆದೊಯ್ದ. ಅಲ್ಲಿ ಪೆಟ್ರೋಲಿಗೆಂದೇ ಇರುವ ಪೈಪು ಹಾಕಿ, ಸೈಲೆನ್ಸರಿನಿಂದ ದೂರ ಒಯ್ದು, ಬಿಗಿಯಾಗಿ ಕೂಡಿಸಿ ಕೊಟ್ಟರು. ಹಳೆಯದನ್ನು ಯಾರು ಹಾಕಿದ್ದೆಂದು ಕೇಳಿದರು. ಮೂಡಲಗಿಯಲ್ಲಿ ಯಾರೋ ಒಬ್ಬ ಎಂದೆ. ಈಗ ಕಾರು ಸೋರುವುದಿಲ್ಲ, ಕಸ್ತೂರಿಗೆ ತಲೆ ತಿರುಗುವುದಿಲ್ಲ.

ವಾರ ಕಳೆದ ಮೇಲೆ ನಾನು ಕಂಡಿರದ ಒಬ್ಬ ರೈತ ಅಂಗಡಿಗೆ ಬಂದ. ಔಷಧಿ ಹೊಡೆಯುವ ಪೈಪು ಬೇಕೆಂದ. ನಾನು ಅಳೆಯುತ್ತ, ಅಭ್ಯಾಸಬಲದಿಂದ, "ನೋಡಪಾ, ಬಿಸಲಿಗೆ ಬಿಡಬ್ಯಾಡ, ಮತ್ತ ಇದಕ್ಕ ಎಣ್ಣಿ ಗಿಣ್ಣಿ..." ಎಂದು ಶುರುಮಾಡಿದೆ.

"ಗೊತ್ತೈತ್ರಿ ಸಾವಕಾರ್ರ," ಎಂದ ಆತ ಬಹಳ ವಿನಯದಿಂದ. "ಎಣ್ಣಿ ಮುಟ್ಟಿಸಿದ್ರ ಬೀಗರ ಮನಿಗೆ ಟ್ರಾಕ್ಟರ್‌ನ್ಯಾಗ ಹೋಗಬೇಕಾಗತೈತಿ."

ನಾನು ಬರೀ ಪೈಪು ಸುತ್ತಿ ಕೊಟ್ಟೆ.