ಹುಣಸೆಹಣ್ಣಿನಲ್ಲಿ ತೊಳೆದುಹೋದ ಬಜೆಟ್

ಹದಿನೆಂಟು ವರ್ಷದಿಂದ ಕೋಲಾರದ ಕಚೇರಿಯೊಂದರಲ್ಲಿ ಕೂತು ಬೇರೆಯವರ ಬಿಲ್ಲುಗಳಿಗೆ ಆಕ್ಷೇಪಣೆ ಹಾಕುತ್ತಾ ಬಂದಿರುವ ನನಗೆ ಬಜೆಟ್ ಮಾಡುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕೋಲಾರದ ಕಲ್ಯಾಣ ಮಂಟಪದಲ್ಲಿ ಶನಿವಾರ, ಭಾನುವಾರ ಹಳೇ ನಾಣ್ಯಗಳ ಪ್ರದರ್ಶನ ಮತ್ತು ಮಾರಾಟ ಎಂದು ತಿಳಿದ ದಿನವೇ, ಸುಗಟೂರಿನ ನಮ್ಮ ಮನೆಯ ಜಗಲಿಯಲ್ಲಿ ಕೂತು ಬಿಳಿ ಹಾಳೆಯ ಮೇಲೆ ಗೆರೆ ಎಳೆದೆ. 'ನಾಣ್ಯ ಪ್ರದರ್ಶನ ಭೇಟಿಯ ಅಂದಾಜು ಆಯವ್ಯಯ' ಎಂದು ತಲೆಬರಹ ಕೊಟ್ಟೆ. ಕೆಳಗೆ ಸಹಿಯನ್ನೂ ಹಾಕಿದೆ. ಸಹಿ ಇಲ್ಲದ ಕಾಗದವನ್ನು ನಾನು ನಂಬುವುದಿಲ್ಲ!

ಆನೆಯ ಚಿತ್ರವಿರುವ ಮೈಸೂರಿನ ಹಳೇ ಕಾಸು ಒಂದಕ್ಕೆ ಸಾವಿರದ ಎಂಟುನೂರು. ಬಸ್ಸು, ಊಟಕ್ಕೆ ಇನ್ನೂರು. ಒಟ್ಟು ಎರಡು ಸಾವಿರ. ಹೆಂಡತಿ ಸುಜಾತ ಹಾಳೆಯನ್ನು ಓದಿದಳು.

"ಎರಡು ಸಾವಿರ ಎಲ್ಲಿಂದ ಬರುತ್ರೀ?"

"ಡೇರಿ ಬಟವಾಡೆಯಲ್ಲಿ ನೀನು ಎತ್ತಿಟ್ಟಿದೀಯಲ್ಲ."

"ಅದು ಮಿಕ್ಸಿ ದುಡ್ಡು!"

ನಮ್ಮ ಮಿಕ್ಸಿ ಸುಟ್ಟು ಎರಡು ತಿಂಗಳಾಗಿತ್ತು. ಹಸುವಿನ ಹಾಲು ಹಾಕಿ ಬಂದ ದುಡ್ಡಿನಲ್ಲಿ ಅವಳು ಹೊಸದಕ್ಕೆಂದು ಕೂಡಿಸುತ್ತಿದ್ದಳು. ಅಲ್ಲಿಯವರೆಗೆ ಹಿತ್ತಲಿನ ಒರಳುಕಲ್ಲಿನಲ್ಲಿ ರುಬ್ಬಿ ರುಬ್ಬಿ ಅವಳ ಭುಜ ನೋಯುತ್ತಿದ್ದುದು ನನಗೂ ಗೊತ್ತಿತ್ತು. ಆದರೆ ನನ್ನ ಹಾಳೆಯಲ್ಲಿ ಖರ್ಚಿನ ಪಕ್ಕ ಆದಾಯದ ಕಾಲಮ್ಮೂ ಇತ್ತು! ಅಜ್ಜಿಯ ಟ್ರಂಕಿನಲ್ಲಿ ಸಿಕ್ಕ ಕಾಲಾಣೆ, ತೂತು ಕಾಸು ಸೇರಿ ಇಪ್ಪತ್ತಮೂರು ತಾಮ್ರದ ನಾಣ್ಯಗಳು. ಒಂದಕ್ಕೆ ಇನ್ನೂರರಂತೆ ಮಾರಿದರೆ ನಾಲ್ಕು ಸಾವಿರದ ಆರುನೂರು.

"ನಿನ್ನ ದುಡ್ಡು ನಿನಗೆ ವಾಪಸ್. ಮೇಲೆ ಮಿಕ್ಸೀನೂ ಅದೇ ದಿನ ತರ್ತೀನಿ ಕಣೇ," ಎಂದೆ.

ಪಾಪ, ನಂಬಿದಳು. ದುಡ್ಡು ಎಣಿಸಿ ಕೊಟ್ಟಳು. ಪಕ್ಕದ ಮನೆಯ ರತ್ನಮ್ಮನಿಗೂ ಹೇಳಿಬಿಟ್ಟಳು.

ಶುಕ್ರವಾರ ಬೆಳಿಗ್ಗೆ ಸುಜಾತ ದೇವರ ದೀಪಗಳನ್ನು ಹುಣಸೆಹಣ್ಣು ಹಾಕಿ ಉಜ್ಜಿ ಬಿಸಿಲಿಗೆ ಇಟ್ಟಿದ್ದಳು. ಫಳಫಳ! ಅಜ್ಜಿಯ ನಾಣ್ಯಗಳ ಡಬ್ಬಿ ತೆಗೆದು ನೋಡಿದರೆ ಎಲ್ಲ ಕರ್ರಗೆ. ಮಾರುವ ಸರಕನ್ನು ಹೀಗೆ ಮಸಿ ಮುಖದಲ್ಲಿ ಕರೆದುಕೊಂಡು ಹೋಗುವುದೇ? ಅಡುಗೆಮನೆಗೆ ನುಗ್ಗಿ ಕೈಗೆ ಸಿಕ್ಕ ಹುಣಸೆಹಣ್ಣು, ಉಪ್ಪು ತಂದು ಒಂದೊಂದನ್ನೂ ಬೆರಳು ಸವೆಯುವಂತೆ ತಿಕ್ಕಿದೆ.

"ಅಯ್ಯೋ, ಸಾರಿಗೆ ಅಂತ ಇಟ್ಟಿದ್ದ ಹೊಸ ಹುಣಸೆಹಣ್ಣು ಕಣ್ರೀ ಅದು! ಉಜ್ಜೋಕೆ ಹಳೇದು ಇಲ್ವಾ?"

"ದೊಡ್ಡ ವ್ಯಾಪಾರದಲ್ಲಿ ಸಣ್ಣ ಖರ್ಚು ನೋಡಬಾರದು," ಎಂದೆ.

ಶನಿವಾರ ಮಂಟಪದ ಮೊದಲ ಮೇಜಿನಲ್ಲೇ ಕೂತಿದ್ದ ವ್ಯಾಪಾರಿಯ ಮುಂದೆ ನನ್ನ ಹೊಳೆಯುವ ಇಪ್ಪತ್ತಮೂರನ್ನೂ ಸುರಿದೆ. ಆತ ಕಣ್ಣಿಗೆ ಭೂತಗನ್ನಡಿ ಹಿಡಿದು ಒಂದನ್ನು ನೋಡಿದರು. ಇನ್ನೊಂದನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ತೊಳೆದ್ರಾ ಸಾರ್?"

"ಬರೀ ತೊಳೆಯೋದಾ? ಉಪ್ಪು ಹಾಕಿ ಉಜ್ಜಿದೀನಿ!"

ಆತ ಭೂತಗನ್ನಡಿ ಕೆಳಗಿಟ್ಟು, ಸಾವಿನ ಮನೆಯಲ್ಲಿ ಮಾತಾಡುವಷ್ಟು ಮೆತ್ತಗೆ ಹೇಳಿದರು. "ನೂರು ವರ್ಷದಿಂದ ಕೂತಿದ್ದ ಬಣ್ಣ ಸಾರ್ ಅದು. ಕೊಳ್ಳೋರು ದುಡ್ಡು ಕೊಡೋದೇ ಅದಕ್ಕೆ. ಅದನ್ನ ನೀವು ಬಚ್ಚಲಿಗೆ ಬಿಟ್ಟಿದೀರ."

"ಈಗ ಎಷ್ಟು ಬರಬಹುದು?"

"ಪಾತ್ರೆ ಅಂಗಡೀಲಿ ಕೇಳಿ. ತಾಮ್ರದ ತೂಕಕ್ಕೆ ತಗೋಬಹುದು."

ಒಳ್ಳೆಯ ಮನುಷ್ಯ. ಟೀ ತರಿಸಿ ಕುಡಿಸಿದರು. ನಾನು ಕೇಳಿದ ಆನೆ ಕಾಸು ಅವರಲ್ಲಿತ್ತು, ಬೆಲೆ ಮೂರು ಸಾವಿರ. ಕೈಮುಗಿದು ಎದ್ದೆ.

ಅಷ್ಟಕ್ಕೇ ಬಸ್ಸು ಹತ್ತಿದ್ದರೆ ಸುಜಾತಳ ದುಡ್ಡಾದರೂ ಉಳಿಯುತ್ತಿತ್ತು. ಆದರೆ ಬರಿಗೈಯಲ್ಲಿ ಹೋಗಿ ಅವಳ ಮುಖ ನೋಡುವುದು ಹೇಗೆ? ಗೇಟಿನ ಹೊರಗೆ ಟವಲ್ ಹಾಸಿಕೊಂಡು ಕೂತಿದ್ದವನ ಮುಂದೆ ಒಂದು ನಾಣ್ಯ ಕಂಡಿತು. ಎರಡೂ ಕಡೆ ಮಣ್ಣು, ಕಿಲುಬು, ಮಸಿ. ಅಲ್ಲೇ ಕುಕ್ಕರಗಾಲಲ್ಲಿ ಕೂತೆ. ಈಗಷ್ಟೇ ಪಾಠ ಕಲಿತಿದ್ದೆನಲ್ಲ, ಕೊಳಕು ಹೆಚ್ಚಿದಷ್ಟೂ ಬೆಲೆ! ಕರ್ಚೀಫಿನ ತುದಿಯಿಂದ ಸ್ವಲ್ಪ ಒರೆಸಲು ಹೋದೆ.

"ತುಡವೊದ್ದು ಸಾರ್, ತುಡವೊದ್ದು!" ಎಂದು ಅವನು ತೆಲುಗಿನಲ್ಲಿ ಕೂಗಿದ. "ಒರೆಸಿದ್ರೆ ರೇಟು ಹೋಗ್ಬಿಡುತ್ತೆ."

"ನನಗೆ ಗೊತ್ತಿಲ್ವೇನಯ್ಯಾ?" ಎಂದು ತಜ್ಞನ ಗತ್ತಿನಲ್ಲಿ ನಕ್ಕೆ. ಎರಡೂವರೆ ಸಾವಿರ ಹೇಳಿದ್ದನ್ನು ಸಾವಿರದ ಎಂಟುನೂರಕ್ಕೆ ಇಳಿಸಿದೆ. ಬಜೆಟ್ಟಿನಲ್ಲಿದ್ದ ಮೊತ್ತವೇ. ಒಂದು ರೂಪಾಯಿ ಹೆಚ್ಚಿಲ್ಲ!

ಭಾನುವಾರ ಅದನ್ನು ಭೂತಗನ್ನಡಿಯವರಿಗೆ ತೋರಿಸಿ ದುಪ್ಪಟ್ಟಿಗೆ ಮಾರುವುದೆಂದು ಯೋಜನೆ. "ಮಿಕ್ಸಿ ಎಲ್ರೀ?" ಎಂದ ಸುಜಾತಳಿಗೆ, "ನಾಳೆ," ಎಂದಷ್ಟೇ ಹೇಳಿ ನಾಣ್ಯವನ್ನು ದೇವರ ಮುಂದೆ ಇಟ್ಟೆ. ಬಚ್ಚಲಿಗೆ ಬಿಟ್ಟ ಬಣ್ಣದ ವಿಷಯ ಹೇಳಲು ನಾಚಿಕೆಯಾಗಿ ಬಾಯಿ ಬಿಡಲಿಲ್ಲ. ಅಲ್ಲೇ ಕೆಟ್ಟೆ.

ಬೆಳಿಗ್ಗೆ ಸ್ನಾನ ಮುಗಿಸಿ ಬಂದರೆ ದೇವರ ಮುಂದೆ ಏನೋ ಫಳಫಳ ಹೊಳೆಯುತ್ತಿದೆ.

"ಅಷ್ಟೊಂದನ್ನ ಉಜ್ಜಿ ಇದೊಂದನ್ನ ಮರೆತಿದ್ರಲ್ಲ, ನಾನೇ ಉಜ್ಜಿಟ್ಟೆ," ಎಂದಳು ಸುಜಾತ. "ಹಳೇ ಹುಣಸೆಹಣ್ಣಲ್ಲೇ!"

ನಾನು ಹಾಕಿದ ಕೂಗಿಗೆ ಕೊಟ್ಟಿಗೆಯಲ್ಲಿ ಹಸು ಎದ್ದು ನಿಂತಿತು. ನೂರು ವರ್ಷದ ಬಣ್ಣ, ದುಡ್ಡು, ಎಲ್ಲ ಹೋಯಿತು ಎಂದು ಒದರಿದೆ. ಅವಳ ಕಣ್ಣು ತುಂಬಿತು. "ನಂಗೇನ್ ಗೊತ್ತಿತ್ರೀ? ಒಳ್ಳೇದಾಗ್ಲಿ ಅಂತ ಮಾಡ್ದೆ," ಎಂದಳು. ತಪ್ಪನ್ನೆಲ್ಲ ಅವಳ ತಲೆಗೆ ಕಟ್ಟಿ ಪಾರಾಗುವ ಬುದ್ಧಿಯೂ ಒಂದು ಗಳಿಗೆ ಬಂತು, ಸುಳ್ಳು ಹೇಳುವುದಿಲ್ಲ. ಅಷ್ಟರಲ್ಲಿ ನಾಣ್ಯವನ್ನು ಕೈಗೆತ್ತಿಕೊಂಡೆ.

ಒಂದು ಕಡೆ ಕಮಲದ ಹೂವು. ಇನ್ನೊಂದು ಕಡೆ ಇಪ್ಪತ್ತು ಪೈಸೆ. ನಾನು ಸ್ಕೂಲಿಗೆ ಹೋಗುವಾಗ ಬೋಂಡಾ ಕೊಳ್ಳುತ್ತಿದ್ದ ಹಿತ್ತಾಳೆ ಬಣ್ಣದ ಇಪ್ಪತ್ತು ಪೈಸೆ!

ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಒಪ್ಪಿಸಿದೆ. ಸುಜಾತ ಕಣ್ಣೊರೆಸಿಕೊಂಡು ನಾಣ್ಯವನ್ನು ತಿರುಗಿಸಿ ನೋಡಿದಳು.

"ಇಂಥವು ನಿಮ್ಮ ಹಳೇ ಚಿಲ್ಲರೆ ಡಬ್ಬೀಲಿ ಏಳಿವೆಯಲ್ರೀ?"

"ಈಗ ಎಂಟು," ಎಂದೆ.

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನನಗೆ ಮಾತ್ರ ನಗು ಬರಲಿಲ್ಲ. ಅವಳ ಭುಜವೇ ಕಣ್ಣಿಗೆ ಕಾಣುತ್ತಿತ್ತು. ಎದ್ದು ಹಿತ್ತಲಿಗೆ ಹೋಗಿ, ತೋಳು ಮಡಿಸಿ, ಒರಳುಕಲ್ಲಿನ ಮುಂದೆ ಕೂತೆ.

ಚಟ್ನಿ ಅರ್ಧ ನುಣ್ಣಗಾಗಿರಬೇಕು, ಬೀದಿ ಬಾಗಿಲಿನಿಂದ ರತ್ನಮ್ಮನ ದನಿ ಕೇಳಿಸಿತು.

"ಏನಕ್ಕಾ, ಮಿಕ್ಸಿ ಬಂತಾ?"

"ಬಂತು ಕಣೇ ರತ್ನ," ಎಂದಳು ಸುಜಾತ. "ಕರೆಂಟೂ ಬೇಡ, ಸದ್ದೂ ಮಾಡಲ್ಲ. ಹಿತ್ತಲಲ್ಲಿ ರುಬ್ತಾ ಇದೆ."

ನಾನು ಸದ್ದು ಮಾಡದೆ ಗುಂಡು ತಿರುಗಿಸಿದೆ.