ಕುಂಬಳಕಾಯಿ ಉರುಳಿದ ಕಾರ್ಪೆಟ್ಟು

"ಅಂಗಡಿ ಬಣ್ಣಕ್ಕೆ ಕೈಯೊಡ್ಡೋ ವಂಶ ಅಲ್ಲ ನಮ್ದು!" ಎಂದು ಗೋಪೀನಾಥ ಬೆಳಿಗ್ಗೆಯೇ ಅಡುಗೆಮನೆಯಲ್ಲಿ ನಿಂತು ಘೋಷಿಸಿದ.

ಅಂದು ಹ್ಯಾಲೊವೀನ್, ಮಕ್ಕಳು ವೇಷ ಹಾಕಿ, ಮನೆಗಳಿಗೆ ಭಯಾನಕ ಅಲಂಕಾರ ಮಾಡಿ ನಗುವ ಹಬ್ಬ. ಏಳು ವರ್ಷದ ಮಗಳು ಅಪೂರ್ವ ದೆವ್ವವಾಗಬೇಕಿತ್ತು, ನಾಲ್ಕು ವರ್ಷದ ಮಗ ಆರವ್ ಕುಂಬಳಕಾಯಿ. ದೆವ್ವಕ್ಕೆ ಹಳೆಯ ಬಿಳಿ ಪಂಚೆಯೊಂದು ಸಾಕು. ಕುಂಬಳಕಾಯಿಗೆ? ಡಬ್ಬಿ ತುಂಬ ಅರಿಶಿನ, ಬಾಟಲಿ ತುಂಬ ಕೊಬ್ಬರಿ ಎಣ್ಣೆ! ಇಷ್ಟೆಲ್ಲ ಐಶ್ವರ್ಯ ಮನೆಯಲ್ಲಿರುವಾಗ ಬೆರಳುದ್ದದ ಪ್ಲಾಸ್ಟಿಕ್ ಟ್ಯೂಬಿನ ಮುಂದೆ ಹಲ್ಲು ಗಿಂಜುವುದೇ?

ಕೆಲಸಕ್ಕೆ ಹೊರಟಿದ್ದ ಹೆಂಡತಿ ತೇಜಸ್ವಿನಿ ಷೂ ಕಟ್ಟುತ್ತಾ ಹೇಳಿದಳು, "ಏನಾದ್ರೂ ಹಚ್ಕೊಳ್ಳಿ, ಆದ್ರೆ ಗ್ಯಾರೇಜಲ್ಲಿ ಹಚ್ಚಿ. ಐದು ಗಂಟೆಗೆ ಇನ್ಸ್‌ಪೆಕ್ಷನ್ ಇದೆ."

"ನಾನಿರೋವಾಗ ನಿನಗ್ಯಾಕೆ ಚಿಂತೆ?"

"ನೀವಿರ್ತೀರಲ್ಲ, ಅದೇ ಚಿಂತೆ."

ಅವಳ ಚಿಂತೆಗೆ ಕಾರಣವಿತ್ತು. ೨೦೦೭ರ ಆ ಅಕ್ಟೋಬರಿನಲ್ಲಿ, ಪರದೇಶದ ನಗರವೊಂದರ ಹೊರವಲಯದ ಕ್ರೇಗಿಬರ್ನ್‌ನ ಅವರ ಬಾಡಿಗೆ ಮನೆಯ ಲೀಸ್ ಮುಗಿಯುತ್ತಿತ್ತು. ಏಜೆಂಟ್ ಲೊರೇನ್ ಬಂದು ಮನೆ ನೋಡಿ ಒಪ್ಪಿದರೆ ಇನ್ನೊಂದು ವರ್ಷ, ಇಲ್ಲದಿದ್ದರೆ ಗಂಟುಮೂಟೆ. ಎರಡು ವರ್ಷದಲ್ಲಿ ಮೂರು ಮನೆ ಬದಲಿಸಿದ್ದ ಸಂಸಾರ ಅದು. ಮೂರನೆಯ ಶಾಲೆಯಲ್ಲಿ ಅಪೂರ್ವಳಿಗೆ ಕೊನೆಗೂ ಒಬ್ಬಳು ಗೆಳತಿ ಸಿಕ್ಕಿದ್ದಳು. ಮಗಳನ್ನು ಮತ್ತೆ ಕಿತ್ತು ಇನ್ನೊಂದು ಬಡಾವಣೆಯಲ್ಲಿ ನೆಡುವುದನ್ನು ನೆನೆದರೇ ಗೋಪೀನಾಥನಿಗೆ ಸಂಕಟವಾಗುತ್ತಿತ್ತು. ಅದಕ್ಕೇ ತೇಜಸ್ವಿನಿ ಎರಡು ದಿನ ಕೂತು ನಡುಮನೆಯ ಕೆನೆಬಣ್ಣದ ಕಾರ್ಪೆಟ್ಟನ್ನು ಮಗುವಿನ ಕೆನ್ನೆಯಂತೆ ಒರೆಸಿ ಇಟ್ಟಿದ್ದಳು.

ಮಧ್ಯಾಹ್ನ ಮೂರೂಮುಕ್ಕಾಲು. ಗ್ಯಾರೇಜಿನಲ್ಲಿ ತಣ್ಣಗಿನ ಗಾಳಿ, ಮಗನಿಗೆ ನೆಗಡಿಯಾದರೆ? ಗೋಪೀನಾಥ ನಡುಮನೆಯಲ್ಲೇ ನಾಲ್ಕು ಹಾಳೆ ಪೇಪರ್ ಹಾಸಿ, ಮಗನನ್ನು ಚಡ್ಡಿಯಲ್ಲಿ ನಿಲ್ಲಿಸಿ, ನೆತ್ತಿಯಿಂದ ಹಿಮ್ಮಡಿಯವರೆಗೆ ಅರಿಶಿನದ ಎಣ್ಣೆ ಬಳಿದ. ಕುಂಬಳಕಾಯಿ ಥಳಥಳ ಹೊಳೆಯಿತು!

"ಆಹಾ! ಅಲ್ಲಾಡಬೇಡ ಕಂದಾ, ಕ್ಯಾಮೆರಾ ತರ್ತೀನಿ."

"ಬಟ್ ಪಂಪ್ಕಿನ್ಸ್ ರೋಲ್, ಡ್ಯಾಡಿ!" ಎಂದವನೇ ಆರವ್ ನೆಲಕ್ಕೆ ಬಿದ್ದು ಉರುಳತೊಡಗಿದ. ಟಿವಿಯಿಂದ ಬಾಗಿಲವರೆಗೆ ಒಂದು ಸಲ, ಬಾಗಿಲಿಂದ ಟಿವಿಯವರೆಗೆ ಇನ್ನೊಂದು ಸಲ. ಯಾವ ದೇವಸ್ಥಾನದಲ್ಲೂ ಅಷ್ಟು ಭಕ್ತಿಯ ಉರುಳುಸೇವೆ ನಡೆದಿರಲಾರದು! ಕೆನೆಬಣ್ಣದ ಕಾರ್ಪೆಟ್ಟಿನ ಮೇಲೆ ಹಳದಿ ಹೆದ್ದಾರಿಯೊಂದು ಉದ್ಘಾಟನೆಯಾಯಿತು.

ಗೋಪೀನಾಥ ಕ್ಯಾಮೆರಾ ಮರೆತು ಮಗನನ್ನು ಎತ್ತಿ ಪಕ್ಕಕ್ಕೆ ನಿಲ್ಲಿಸಿದ. ಎಷ್ಟಾದರೂ ಧೀರ! ಬಕೆಟ್ ತಂದ, ಬಿಸಿನೀರು ಸುರಿದ, ಬಟ್ಟೆ ಒಗೆಯುವ ಪುಡಿಯನ್ನು ಬೊಗಸೆ ಬೊಗಸೆಯಾಗಿ ಚೆಲ್ಲಿ ಉಜ್ಜಿದ. ಹಳದಿ ಹೋಯಿತು. ಹೋಗಿ, ಕೆಂಪಾಯಿತು! ಇನ್ನಷ್ಟು ಪುಡಿ ಹಾಕಿದ. ಇನ್ನಷ್ಟು ಕೆಂಪಾಯಿತು. ಕೈ ಕೆಂಪು, ಮೊಣಕಾಲು ಕೆಂಪು, ಒರಗಿದ ಗೋಡೆಯ ಮೇಲೆ ಐದು ಬೆರಳಿನ ಕೆಂಪು ಗುರುತು. ಅದೇ ಕೆಂಪು ಕೈಯಲ್ಲಿ ಹೆಂಡತಿಗೆ ಫೋನ್ ಮಾಡಿದ.

"ತೇಜೂ, ಅರಿಶಿನ ರಕ್ತ ಆಗ್ತಿದೆ ಕಣೇ!"

"ಸೋಪಿನಪುಡಿ ಹಾಕಿದ್ರಾ?"

"ಅರ್ಧ ಪ್ಯಾಕೆಟ್ ಅಷ್ಟೇ."

"ಅಯ್ಯೋ ನನ್ ಕರ್ಮವೇ! ಅರಿಶಿನಕ್ಕೆ ಸುಣ್ಣ ಬಿದ್ರೆ ಓಕುಳಿ ಆಗಲ್ವಾ? ಸೋಪೂ ಹಾಗೇನೇ. ನಮ್ ಮದುವೇಲಿ ಆರತಿ ಎತ್ತಿದ್ರಲ್ಲ, ಆ ಕೆಂಪುನೀರು ನಲ್ಲಿಯಲ್ಲಿ ಬಂತು ಅನ್ಕೊಂಡಿದ್ರಾ? ಏನೂ ಮುಟ್ಬೇಡಿ, ನಿಂಬೆಹಣ್ಣು ತರ್ತಿದೀನಿ!"

ಅವಳು ಬಂದು ತಲುಪುವ ಮೊದಲೇ ಕರೆಗಂಟೆ ಮೊಳಗಿತು. ಲೊರೇನ್! ಇಪ್ಪತ್ತು ನಿಮಿಷ ಮೊದಲೇ!

ಬಾಗಿಲು ತೆರೆದ ಗೋಪೀನಾಥನನ್ನು ಕಂಡು ಆಕೆ ಒಂದು ಹೆಜ್ಜೆ ಹಿಂದೆ ಹಾರಿದಳು. ಮೊಣಕೈವರೆಗೆ ಕೆಂಪು ಮೆತ್ತಿದ ಗಂಡಸು, ಅವನ ಹಿಂದೆ ಯಾರನ್ನೋ ಎಳೆದೊಯ್ದಂಥ ಕೆಂಪು ಜಾಡು, ಅದರ ತುದಿಯಲ್ಲಿ ಪಂಚೆ ಹೊದ್ದು ನಿಂತ ದೆವ್ವ. ದೆವ್ವವೇ ಕಾಪಾಡಿತು. "ಹ್ಯಾಪಿ ಹ್ಯಾಲೊವೀನ್!" ಎಂದು ಕೂಗಿತು.

ಲೊರೇನ್ ಎದೆ ಹಿಡಿದುಕೊಂಡು ನಕ್ಕಳು. "ಅಬ್ಬಾ, ಎಂಥಾ ಅಲಂಕಾರ! ಇದು ಕಾರ್ಪೆಟ್ಟಿಂದ ಹೋಗುತ್ತೆ ತಾನೆ?"

"ಹೋಗದೆ ಏನು!" ಗೋಪೀನಾಥನ ಬಾಯಿ ಅವನ ಅಪ್ಪಣೆಯನ್ನೇ ಕೇಳಲಿಲ್ಲ. "ಸ್ಪೆಷಲ್ ರಕ್ತ! ಒಂದೇ ಸಲ ಒರೆಸಿದ್ರೆ ಮಾಯ!"

"ಹಾಗಾದರೆ ರೂಮುಗಳನ್ನು ನೋಡಿ ಬರುತ್ತೇನೆ. ಆಮೇಲೆ ಒರೆಸಿ ತೋರಿಸಿ."

ಗೋಪೀನಾಥ ಇದ್ದಬದ್ದ ದೇವರಿಗೆಲ್ಲ ಹರಕೆ ಹೊತ್ತ. ಹಿಂಬಾಗಿಲಿನಿಂದ ತೇಜಸ್ವಿನಿ ಬಿರುಗಾಳಿಯಂತೆ ನುಗ್ಗಿದಳು. ಎಂಟು ನಿಂಬೆಹಣ್ಣು ಹಿಂಡಿ ಹಿಂಡಿ ಒರೆಸಿದಳು. ರಕ್ತ ಮಾಯ! ಆದರೆ ಹಳದಿ ಹೆದ್ದಾರಿ ಮೊದಲಿನಂತೆ ಮತ್ತೆ ಹಾಜರು.

ಲೊರೇನ್ ಹೊರಬಂದು ಕಣ್ಣು ಅಗಲಿಸಿದಳು. "ನಿಜವಾಗಿ ಹೋಯಿತಲ್ಲ! ಈ ಹಳದಿ ಏನು?"

"ದಟ್ಸ್ ಮೀ!" ಆರವ್ ಹೆಮ್ಮೆಯಿಂದ ಕೈಯೆತ್ತಿದ. "ಐ ರೋಲ್ಡ್! ದೆನ್ ಡ್ಯಾಡಿ ಕ್ಲೀನ್ಡ್ ಇಟ್ ಅಂಡ್ ಇಟ್ ಬಿಕೇಮ್ ಬ್ಲಡ್!"

ಅಪೂರ್ವ ಪಂಚೆಯೊಳಗಿಂದಲೇ ಅಪ್ಪನ ಕೈ ಹಿಡಿದು, "ಡು ವಿ ಹ್ಯಾವ್ ಟು ಮೂವ್ ಅಗೇನ್?" ಎಂದಳು. ಗೋಪೀನಾಥ ಲೊರೇನ್ ಕಡೆ ತಿರುಗಿದ. "ತಪ್ಪೆಲ್ಲ ನಂದು, ಮಕ್ಕಳದ್ದಲ್ಲ. ಸುಳ್ಳು ಹೇಳಿದ್ದೂ ನಾನೇ," ಎಂದು ತಲೆ ತಗ್ಗಿಸಿದ. ಲೊರೇನ್ ಅವನನ್ನೂ ಕುಂಬಳಕಾಯಿಯನ್ನೂ ಒಮ್ಮೆ ನೋಡಿ, ಫೈಲಿನಲ್ಲಿ ಏನೋ ಬರೆದುಕೊಂಡು, ಮುಖದಲ್ಲಿ ಏನನ್ನೂ ತೋರಿಸದೆ ಹೊರಟುಹೋದಳು.

ನಾಲ್ಕು ದಿನ ಯಾರಿಗೂ ಊಟ ಸೇರಲಿಲ್ಲ. ಐದನೆಯ ದಿನ ಕಾಗದ ಬಂತು. ಲೀಸ್ ಒಂದು ವರ್ಷ ಮುಂದಕ್ಕೆ! ಅಪೂರ್ವ ಸೋಫಾ ಮೇಲೆ ಕುಣಿದಳು. ಷರತ್ತು ಎರಡು: ಕಾರ್ಪೆಟ್ಟನ್ನು ಕಸುಬುದಾರರಿಂದ ತೊಳೆಸುವುದು, ಮುಂದೆ ಈ ಮನೆಯಲ್ಲಿ ಯಾವ ಶುಚಿಗೊಳಿಸುವ ಕೆಲಸವನ್ನೂ ಶ್ರೀ ಗೋಪೀನಾಥರಿಗೆ ವಹಿಸಬಾರದು.

ಗೋಪೀನಾಥ ಹಿಗ್ಗಿ ಹೀರೇಕಾಯಿಯಾದ. ಕಾಗದವನ್ನು ಫ್ರಿಜ್ಜಿಗೆ ಅಂಟಿಸಿ, ಸೋಫಾ ಮೇಲೆ ಕಾಲು ಚಾಚಿ, "ನೋಡಿದ್ಯಾ? ಸರ್ಕಾರಿ ಆರ್ಡರ್ ಇದ್ದಂಗೆ! ಇನ್ಮೇಲೆ ಪಾತ್ರೆ, ಪೊರಕೆ ಯಾವುದನ್ನೂ ನಾನು ಮುಟ್ಟೋ ಹಾಗಿಲ್ಲ," ಎಂದ.

ತೇಜಸ್ವಿನಿ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದಳು. ಸೌಟು ತಂದು ಅವನ ಕೈಗಿಟ್ಟಳು.

"ಕ್ಲೀನಿಂಗ್ ಬೇಡ ಅಂದಿದಾರೆ, ಅಡುಗೆ ಬೇಡ ಅಂದಿಲ್ಲ. ಏಳಿ, ಒಂದು ವರ್ಷ ಸಾರು ನಿಮ್ದೇ!"